ದಾಳಿಂಬೆಯೋ ದಾಳಿಂಬರವೋ: ಟೈಲ್‌ವಿಂಡ್ ಕ್ಲಾಸ್‌ಗಳಿಗೆ ಲಿಂಟರ್ ಹಾಕಿದ ನನ್ನ ಅನುಭವ

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಸೈಟನ್ನು ನಾವು ಮೂರು ಮಂದಿ ಬಾಗಲಕೋಟೆಯ ನವನಗರದಲ್ಲಿ ಕೂತು ಕಟ್ಟಿದ್ದೆವು. ಒಂದು ಬೆಳಿಗ್ಗೆ ಅವರ ಫೋನು ಬಂತು: "ಮೇಡಮ್ಮಾರ, ಸೀರಿ ಚಿತ್ರ ಬರ್ತೈತಿ, ರೇಟ್ ಬರ್ತೈತಿ. ಖರೀದಿ ಮಾಡೂ ಬಟನ್ ಎಲ್ಲಿ ಹೋತ್ರೀ?"

ಬಟನ್ ಎಲ್ಲೂ ಹೋಗಿರಲಿಲ್ಲ. ಬಿಳಿ ಪುಟದ ಮೇಲೆ ಬಿಳಿ ಅಕ್ಷರ ಹೊತ್ತು ಅಲ್ಲೇ ಕೂತಿತ್ತು. ಪುಟದ ಅಂದಚೆಂದಕ್ಕೆ ನಾವು ಬಳಸಿದ್ದು ಟೈಲ್‌ವಿಂಡ್: ಕ್ಲಾಸ್ ಎಂಬ ಪುಟ್ಟ ಹೆಸರುಗಳನ್ನು ಬರೆದರೆ, ಅವಕ್ಕೆ ತಕ್ಕ ಸಿಎಸ್ಎಸ್ (ಬಣ್ಣ, ಅಳತೆಗಳ ಸೂಚನೆ) ಅದೇ ತಯಾರಿಸುತ್ತದೆ. ಸೆರಗಿನ ಕೆಂಪು ಬಣ್ಣಕ್ಕೆ ನಾವು ಅದರ ಸೆಟ್ಟಿಂಗ್ ಫೈಲಾದ ಕಾನ್ಫಿಗ್‌ನಲ್ಲಿ 'ದಾಳಿಂಬೆ' ಎಂದು ಹೆಸರಿಟ್ಟಿದ್ದೆವು. ಅಂದರೆ ಹಿನ್ನೆಲೆಗೆ ಆ ಬಣ್ಣ ಹಚ್ಚುವ ಕ್ಲಾಸು 'ಬಿಜಿ-ದಾಳಿಂಬೆ'. ಹೊಸದಾಗಿ ಸೇರಿದ್ದ ಹುಡುಗ ಮನೆಯಲ್ಲಿ ಆಡುವ ಹಾಗೆ 'ಬಿಜಿ-ದಾಳಿಂಬರ' ಎಂದು ಬರೆದಿದ್ದ. (ಕೋಡಿನಲ್ಲಿ ಇದೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ, ಅನ್ನಿ.) ಟೈಲ್‌ವಿಂಡ್ ನಮ್ಮ ಫೈಲುಗಳನ್ನು ಬರೀ ಪಠ್ಯವೆಂದು ಓದುತ್ತದೆ. ಗುರುತು ಸಿಕ್ಕ ಕ್ಲಾಸಿಗೆ ಸಿಎಸ್ಎಸ್ ಹುಟ್ಟಿಸುತ್ತದೆ, ಸಿಗದ್ದನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಬಿಲ್ಡ್ ಒಡೆಯುವುದಿಲ್ಲ, ಬ್ರೌಸರ್ ಕೂಡ ಚಕಾರ ಎತ್ತುವುದಿಲ್ಲ. ಗಿರಾಕಿ ಫೋನ್ ಮಾಡಿದಾಗಲೇ ಗೊತ್ತಾಗುವುದು.

ಅವತ್ತೇ ಮಧ್ಯಾಹ್ನ, ಕೋಡಿನ ತಪ್ಪು ಹುಡುಕಿ ತೋರಿಸುವ ಲಿಂಟರ್ ಆದ ಇಎಸ್‌ಲಿಂಟ್‌ಗೆ ಟೈಲ್‌ವಿಂಡ್ ಪ್ಲಗಿನ್ ಹಾಕಿದೆ. ನಮ್ಮದು ಆಗ ಟೈಲ್‌ವಿಂಡ್ 3, ಹಾಗಾಗಿ ಪ್ಲಗಿನ್ ನೇರವಾಗಿ ನಮ್ಮ ಕಾನ್ಫಿಗ್ ಫೈಲನ್ನೇ ಓದಿ ಯಾವ ಹೆಸರು ಉಂಟು, ಯಾವುದು ಇಲ್ಲ ಎಂದು ಹೇಳುತ್ತಿತ್ತು. ಮೊದಲ ಸಲ ಓಡಿಸಿದಾಗ ಟರ್ಮಿನಲ್ ತುಂಬ ಹಳದಿ ಹಳದಿ ಎಚ್ಚರಿಕೆ. ಹುಡುಗ ನೋಡಿ, "ಅಕ್ಕಾರ, ಇದ್ನ ಬಂದ್ ಮಾಡೂದು ಹೆಂಗ್ರಿ?" ಅಂದ.

ಬಂದ್ ಮಾಡಬೇಕಾದ್ದೂ ಒಂದಿತ್ತು, ಕ್ಲಾಸ್‌ಗಳನ್ನು ಸಾಲಾಗಿ ಜೋಡಿಸುವ ನಿಯಮ. ಆ ಕೆಲಸ ನಮ್ಮಲ್ಲಿ, ಕೋಡನ್ನು ಓರಣವಾಗಿಸುವ ಪ್ರೆಟಿಯರ್‌ನ ಟೈಲ್‌ವಿಂಡ್ ಪ್ಲಗಿನ್ ಆಗಲೇ ಮಾಡುತ್ತಿತ್ತು. ಎರಡನ್ನೂ ಇಟ್ಟರೆ ಒಂದು ಜೋಡಿಸಿದ್ದನ್ನು ಇನ್ನೊಂದು ಕೆದರುವ ಭಯ. ಸಾಲಿನ ಕ್ರಮ ಯಾವುದಾದರೂ ಒಂದಿದ್ದರೆ ಸಾಕು. ಅದರ ಬಗ್ಗೆ ವಾದ ಮಾಡುವುದು ನನ್ನ ಪ್ರಕಾರ ದಂಡ.

ನಿಜವಾದ ಬೆಲೆ ಇದ್ದದ್ದು ಬೇರೆ ಎರಡು ನಿಯಮಗಳಲ್ಲಿ. ಒಂದು, ಕಾನ್ಫಿಗ್‌ನಲ್ಲಿಲ್ಲದ ಹೆಸರನ್ನು ಹಿಡಿಯುವುದು. ಇದು ಶಿಫಾರಸಿನ ಸೆಟ್ಟಿಂಗ್‌ನಲ್ಲಿ ಬರೀ ಎಚ್ಚರಿಕೆಯಾಗಿರುತ್ತದೆ. ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಅದನ್ನು ಎರರ್ ಮಾಡಿದೆ. ಆಗ ಸ್ಲೈಡರ್ ಲೈಬ್ರರಿಯ 'ಸ್ವೈಪರ್-' ಎಂದು ಶುರುವಾಗುವ ಹೆಸರುಗಳೆಲ್ಲ ಸಿಕ್ಕಿಬಿದ್ದವು. ಅವು ಟೈಲ್‌ವಿಂಡ್‌ನವಲ್ಲ, ಆದರೆ ಬೇಕಾದವು. ಅವನ್ನು ವೈಟ್‌ಲಿಸ್ಟ್‌ಗೆ (ಹಿಡಿಯದೆ ಬಿಡಬೇಕಾದ ಹೆಸರುಗಳ ಪಟ್ಟಿಗೆ) ಸೇರಿಸು ಎಂದು ಹುಡುಗನಿಗೆ ಹೇಳಿದೆ. ಅವನು ಸೇರಿಸಿದ, ಹಳದಿ ಕೆಂಪು ಎಲ್ಲ ಮಾಯ. ಎರಡು ದಿನ ಆರಾಮಿದ್ದೆವು. ಆಮೇಲೆ ಯಾಕೋ ಅನುಮಾನ ಬಂದು ತೆರೆದು ನೋಡಿದರೆ, ಬೇಗ ಮುಗಿಯಲೆಂದು 'ಬಿಜಿ-' ಇಂದ ಶುರುವಾಗುವ ಯಾವುದಕ್ಕೂ ರಹದಾರಿ ಕೊಟ್ಟುಬಿಟ್ಟಿದ್ದ. ಕಳ್ಳನನ್ನು ಹಿಡಿಯಲು ಕೂರಿಸಿದ ಕಾವಲುಗಾರನಿಗೆ ಆ ಕಳ್ಳನನ್ನು ಮಾತ್ರ ಬಿಡು ಅಂದಂತೆ.

ಎರಡನೆಯದು, ಒಂದಕ್ಕೊಂದು ತಾಗುವ ಕ್ಲಾಸ್‌ಗಳನ್ನು ಹಿಡಿಯುವುದು. ಸೀರೆಯ ಕಾರ್ಡಿನಲ್ಲಿ ಒಳಅಂಚಿನ ಜಾಗ ಹೇಳುವ 'ಪಿ-4' ಇತ್ತು, ಅದೇ ಸಾಲಿನ ಕೊನೆಗೆ 'ಪಿ-2' ಕೂಡ. ಬರೆದವರು ಯಾರು ಎಂದು, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನು ಕೇಳಿದರೆ ನನ್ನದೇ ಹೆಸರು! ಕೊನೆಗೆ ಬರೆದದ್ದು ಗೆಲ್ಲುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಎಚ್‌ಟಿಎಂಎಲ್‌ನಲ್ಲಿ ಕ್ಲಾಸ್ ಯಾವ ಕ್ರಮದಲ್ಲಿದ್ದರೂ ಬ್ರೌಸರ್‌ಗೆ ಲೆಕ್ಕಕ್ಕಿಲ್ಲ. ತಯಾರಾದ ಸಿಎಸ್ಎಸ್ ಫೈಲಿನಲ್ಲಿ ಯಾವುದು ಕೆಳಗಿದೆಯೋ ಅದು ಗೆಲ್ಲುತ್ತದೆ. ಅಲ್ಲಿ 'ಪಿ-2' ಮೇಲೆ, 'ಪಿ-4' ಕೆಳಗೆ. ಅಂದರೆ ನನ್ನ 8 ಪಿಕ್ಸೆಲ್ ಒಂದು ದಿನವೂ ಕೆಲಸ ಮಾಡಿರಲಿಲ್ಲ, ಎಲ್ಲರೂ ನೋಡುತ್ತಿದ್ದದ್ದು 16. ಪ್ಲಗಿನ್ ಇದನ್ನು ತಾನೇ ತಿದ್ದುವುದಿಲ್ಲ, ತೋರಿಸಿ ಬಿಡುತ್ತದೆ ಅಷ್ಟೇ. ನಾನು 'ಪಿ-2' ತೆಗೆದೆ. ಡಿಸೈನ್ ಫೈಲಿನಲ್ಲಿ 8 ಅಂತಲೇ ಇದ್ದರೂ, ಗಿರಾಕಿ ಒಪ್ಪಿದ್ದು 16 ಇದ್ದ ಕಾರ್ಡನ್ನು.

ತಾನೇ ತಿದ್ದುವವೂ ಇವೆ. ಅಡ್ಡ, ಉದ್ದದ ಹೊರಅಂಚನ್ನು ಬೇರೆ ಬೇರೆ ಹೇಳುವ 'ಎಂಎಕ್ಸ್-5 ಎಂವೈ-5' ಕಂಡರೆ 'ಎಂ-5' ಮಾಡುತ್ತದೆ. ಚೌಕ ಆವರಣದಲ್ಲಿ 1.25 ರೆಮ್ ಎಂದು ಕೈಯಿಂದ ಬರೆದಿದ್ದರೆ ಅದೂ ಅಳತೆಪಟ್ಟಿಯ 5ಕ್ಕೆ ಬರುತ್ತದೆ. ಈ ತಿದ್ದುಪಡಿಗಳನ್ನೆಲ್ಲ ಒಂದೇ ಕಮಿಟ್‌ನಲ್ಲಿ (ಗಿಟ್‌ಗೆ ಒಪ್ಪಿಸುವ ಒಂದು ಕಂತಿನಲ್ಲಿ), ಬೇರೇನೂ ಬೆರೆಸದೆ ಹಾಕಿ, ಆ ಕಮಿಟ್‌ನ ನಂಬರನ್ನು, ಯಾವ ಸಾಲು ಯಾರದೆಂದು ಹೇಳುವ ಗಿಟ್ ಬ್ಲೇಮ್ ಬಿಟ್ಟುಬಿಡುವ ಪಟ್ಟಿಯ ಫೈಲಿಗೆ ಸೇರಿಸಿದೆವು. ಗಿಟ್ 2.23ರಿಂದ ಈ ಸೌಲಭ್ಯ ಇದೆ. ಇಲ್ಲದಿದ್ದರೆ ಪ್ರತಿ ಸಾಲಿಗೂ ನನ್ನ ಹೆಸರೇ ಬಂದು, ಎಲ್ಲ ಪಾಪವೂ ನನ್ನ ತಲೆಗೆ.

ಪ್ಲಗಿನ್‌ಗೆ ಕಾಣದ ಜಾಗಗಳೂ ಸಿಕ್ಕವು. ಕ್ಲಾಸ್ ಕೂಡಿಸಲು ನಾವೇ ಬರೆದಿದ್ದ ಒಂದು ಪುಟ್ಟ ಫಂಕ್ಷನ್ ಇತ್ತು. ಅದೇ ಕೆಲಸದ ಸಿದ್ಧ ಲೈಬ್ರರಿ 'ಸಿಎಲ್ಎಸ್ಎಕ್ಸ್' ಪ್ಲಗಿನ್‌ಗೆ ಗೊತ್ತು, ನಮ್ಮ ಫಂಕ್ಷನ್ ಅದಕ್ಕೆ ಹೇಗೆ ಗೊತ್ತಾಗಬೇಕು? ಹೆಸರನ್ನು ಸೆಟ್ಟಿಂಗ್‌ಗೆ ಸೇರಿಸುವವರೆಗೆ ಅದರೊಳಗಿನ ತಪ್ಪುಗಳೆಲ್ಲ ಸುಖವಾಗಿದ್ದವು. ಇನ್ನೊಂದು, 'ಬಿಜಿ-' ಮುಂದೆ ಬಣ್ಣದ ವೇರಿಯೇಬಲ್ ಅಂಟಿಸಿ ಓಡುವಾಗ ಹೆಸರು ಕಟ್ಟುವುದು. ಇದು ಲಿಂಟರ್‌ಗೂ ಕಾಣದು, ಟೈಲ್‌ವಿಂಡ್‌ಗೂ ಕಾಣದು. ಅಂಥವನ್ನೆಲ್ಲ ತೆಗೆದು, ಪೂರ್ತಿ ಹೆಸರುಗಳ ಒಂದು ಪಟ್ಟಿ ಮಾಡಿ ಅದರಿಂದ ಆರಿಸುವಂತೆ ಬರೆದೆವು. ಹೊರಗಿನಿಂದ ಕಾಂಪೊನೆಂಟ್‌ಗೆ ಬರುವ ಕ್ಲಾಸ್‌ಗಳ ಜಗಳ ಬಿಡಿಸಲು ಟೈಲ್‌ವಿಂಡ್-ಮರ್ಜ್ ಇದೆ, ಅದು ಲಿಂಟರ್‌ನ ಕೆಲಸವೇ ಅಲ್ಲ.

ಈಗ ಕಮಿಟ್ ಮಾಡುವ ಮೊದಲು ಬದಲಾದ ಫೈಲುಗಳ ಮೇಲಷ್ಟೇ ಲಿಂಟರ್ ಓಡುತ್ತದೆ, ಪುಶ್ ಆದಮೇಲೆ ಸರ್ವರ್‌ನಲ್ಲಿ ಎಲ್ಲದರ ಮೇಲೂ.

ಮೊನ್ನೆ ಹುಡುಗ ಮತ್ತೆ ಬಂದ. "ಅಕ್ಕಾರ, ಹೆಸರ ದಾಳಿಂಬರ ಅಂತ ಮಾಡೂಣೇನ್ರಿ? ದಾಳಿಂಬೆ ಅಂತ ನಮ್ಮ ಕಡೆ ಯಾರ್ ಅಂತಾರ‍್ರೀ?"

"ಮಾಡು. ಆದ್ರ ಮೊದಲ ಕಾನ್ಫಿಗ್‌ನ್ಯಾಗ."

ಬದಲಿಸಿ ಲಿಂಟರ್ ಓಡಿಸಿದ. ಹಳೆಯ ಹೆಸರಿದ್ದ ಸಾಲುಗಳೆಲ್ಲ ಫೈಲು, ಸಾಲಿನ ನಂಬರ್ ಸಮೇತ ಕೆಂಪಗೆ ಬಿದ್ದವು. ಚಹಾ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.