ಫ್ರಿಜ್ ತಣ್ಣಗಾಗುತ್ತಿಲ್ವಾ? ಗ್ಯಾಸ್ ತುಂಬಿಸುವ ಮುಂಚೆ ಇಷ್ಟು ನೋಡಿ

ಫ್ರಿಜ್‌ನಲ್ಲಿಟ್ಟ ಹಾಲು ಒಡೆದರೆ ಸಾಕು, ‘ಗ್ಯಾಸ್ ಖಾಲಿಯಾಗಿದೆ’ ಎಂದು ಮನೆಯವರೆಲ್ಲ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಫ್ರಿಜ್ ತಂಪು ಮಾಡುವ ಆ ಗ್ಯಾಸ್ ಪೆಟ್ರೋಲ್ ಥರ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಮುಚ್ಚದೆ ಮತ್ತೆ ತುಂಬಿಸಿದರೆ ಅದೂ ಸೋರಿಹೋಗುತ್ತದೆ, ದುಡ್ಡೂ ಹೋಗುತ್ತದೆ.

ಮೊದಲು ಅಳೆಯಿರಿ. ಕೈಯಿಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಫ್ರಿಜ್ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಫ್ರಿಜ್ ಸರಿಯಾಗಿದೆ. ಫ್ರೀಜರ್ ಮೈನಸ್ 18ರ ಹತ್ತಿರ ಇರಬೇಕು.

ಸುಲಭದವನ್ನು ಬೇಗ ಮುಗಿಸಿ. ನಾಬ್ ಯಾರಾದರೂ ತಿರುಗಿಸಿದ್ದಾರಾ ನೋಡಿ. ಗಾಳಿ ಬರುವ ಕಿಂಡಿಗೆ ಪಾತ್ರೆ ಒತ್ತಿಕೊಂಡಿದ್ದರೆ ಸರಿಸಿ. ಹಿಂದೆ ಕಪ್ಪು ಕಾಯಿಲ್ (ಸುತ್ತಿದ ಕೊಳವೆ) ಇದ್ದರೆ ಪ್ಲಗ್ ಕಿತ್ತು, ಬ್ರಷ್‌ನಿಂದ ಧೂಳು ತೆಗೆಯಿರಿ. ಬಾಗಿಲ ರಬ್ಬರಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ತಂಪು ಹೊರಗೆ ಹೋಗುತ್ತಿದೆ. ರಬ್ಬರನ್ನು ಸೋಪು ನೀರಿನಲ್ಲಿ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಅಂಟು ಟೇಪ್ ಹಚ್ಚಬೇಡಿ. ಹರಿದಿದ್ದರೆ ಬದಲಾಯಿಸುವುದೇ ದಾರಿ.

ಇಷ್ಟಾದರೂ ಸರಿಹೋಗದಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೇಲೂ ಕೆಳಗೂ ಎರಡೂ ಬೆಚ್ಚಗಿದೆಯಾ, ಅಥವಾ ಫ್ರೀಜರ್ ಗಟ್ಟಿಯಾಗಿದ್ದು ಬರೀ ಕೆಳಗಿನ ಭಾಗ ಬೆಚ್ಚಗಿದೆಯಾ?

ಎರಡನೆಯದಾದರೆ ಗ್ಯಾಸಿನ ಮೇಲೆ ಅನುಮಾನ ಪಡಬೇಡಿ. ಫ್ರಾಸ್ಟ್ ಫ್ರೀ, ಅಂದರೆ ಹಿಮವನ್ನು ತಾನೇ ಕರಗಿಸಿಕೊಳ್ಳುವ ಫ್ರಿಜ್‌ನಲ್ಲಿ ತಂಪು ಹುಟ್ಟುವುದು ಫ್ರೀಜರಿನ ಹಿಂಬದಿಯ ಹಲಗೆಯ ಆಚೆ ಇರುವ ಕಾಯಿಲ್‌ನಲ್ಲಿ. ಆ ತಂಪನ್ನು ಒಂದು ಸಣ್ಣ ಫ್ಯಾನ್ ಕೆಳಕ್ಕೆ ತಳ್ಳುತ್ತದೆ. ಕಾಯಿಲ್ ಮೇಲೆ ಕೂರುವ ಹಿಮವನ್ನು ಹೀಟರ್ ಆಗಾಗ ಕರಗಿಸಬೇಕು. ಅದು ಕೈಕೊಟ್ಟರೆ ಹಿಮ ಗಡ್ಡೆಕಟ್ಟಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಫ್ರೀಜರಿನ ಹಿಂದಿನ ಹಲಗೆಯ ಮೇಲೂ ಹಿಮ ಕಾಣಿಸಿದರೆ ಬಹುತೇಕ ಇದೇ ತೊಂದರೆ.

ಎಲ್ಲರೂ ಎಡವುವುದು ಇಲ್ಲೇ. ಎರಡು ಗಂಟೆ ಆಫ್ ಮಾಡುತ್ತಾರೆ, ಕಣ್ಣಿಗೆ ಕಾಣುವ ಹಿಮ ಕರಗುತ್ತದೆ, ಸರಿಯಾಯಿತು ಅಂತ ಮತ್ತೆ ಆನ್ ಮಾಡುತ್ತಾರೆ. ಹಲಗೆಯ ಹಿಂದಿನ ಗಡ್ಡೆ ಹಾಗೇ ಉಳಿದಿರುತ್ತದೆ. ನಾನು ಹೇಳುವುದು ಪೂರ್ತಿ ಒಂದು ದಿನ, ಅಂದರೆ 24 ಗಂಟೆ. ಸಾಮಾನೆಲ್ಲ ತೆಗೆದು ಬೇರೆಡೆ ತಣ್ಣಗಿಡಿ, ಪ್ಲಗ್ ಕೀಳಿ, ಎರಡೂ ಬಾಗಿಲು ತೆರೆದಿಡಿ, ಕೆಳಗೆ ಹಳೆ ಬಟ್ಟೆ ಹಾಸಿ. ಬೇಗ ಆಗಬೇಕಾದರೆ ಸ್ವಲ್ಪ ದೂರದಿಂದ ಟೇಬಲ್ ಫ್ಯಾನ್ ತಿರುಗಿಸಿಡಿ, ನೀರು ಹರಿಯುವ ಕಡೆ ಮಾತ್ರ ಅದರ ವೈರ್ ಬರಬಾರದು. ಹೇರ್ ಡ್ರೈಯರ್ ನನಗೆ ಒಪ್ಪಿಗೆಯಿಲ್ಲ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ನೀರಿನ ಪಕ್ಕದಲ್ಲಿ ಕರೆಂಟ್ ಹಿಡಿದು ನಿಂತಂತೆಯೂ ಆಗುತ್ತದೆ.

ಚಾಕು, ಸ್ಕ್ರೂಡ್ರೈವರ್ ಅಂತೂ ಮುಟ್ಟಲೇಬೇಡಿ. ನನ್ನ ಕಣ್ಣೆದುರಿಗೇ ಒಬ್ಬರು ಹಿಮ ಕೆತ್ತಲು ಹೋಗಿ ಕೊಳವೆಗೆ ಚುಚ್ಚಿದರು. ಬುಸ್ ಅಂತ ಒಂದು ಸದ್ದು, ಅಷ್ಟೇ. ಸುಮ್ನೆ ಒಂದು ದಿನ ಕಾದಿದ್ದರೆ ಉಳಿಯುತ್ತಿದ್ದ ಫ್ರಿಜ್ ಗುಜರಿಗೆ ಹೋಯಿತು.

ಮತ್ತೆ ಆನ್ ಮಾಡಿದ ಮೇಲೆ ಪೂರ್ತಿ ತಣ್ಣಗಾಗಲು ಇನ್ನೊಂದು ದಿನ ಬೇಕು, ಅಲ್ಲಿಯವರೆಗೆ ಜಾಸ್ತಿ ಸಾಮಾನು ತುಂಬಬೇಡಿ. ಚೆನ್ನಾಗಿ ತಣ್ಣಗಾಗಿ, ಒಂದೆರಡು ವಾರದಲ್ಲಿ ಮತ್ತೆ ಅದೇ ಕಥೆಯಾದರೆ ಹೀಟರ್, ಅದರ ಥರ್ಮೋಸ್ಟಾಟ್ ಅಥವಾ ಟೈಮರ್ ಕೆಟ್ಟಿರಬಹುದು. ಮೆಕ್ಯಾನಿಕ್‌ಗೆ ಹೀಗೇ ಹೇಳಿ: ‘ಡಿಫ್ರಾಸ್ಟ್ ಮಾಡಿದರೆ ಸರಿಹೋಗುತ್ತದೆ, ಮತ್ತೆ ಹಿಮ ಕಟ್ಟುತ್ತದೆ.’ ಹಿಮವೇ ಇಲ್ಲದೆ ಕೆಳಗೆ ಬೆಚ್ಚಗಿದ್ದರೆ ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳುವ ಸ್ವಿಚ್ಚನ್ನು ಬೆರಳಲ್ಲಿ ಒತ್ತಿಹಿಡಿದು ಕೇಳಿ. ಕಂಪ್ರೆಸರ್ (ಹಿಂದೆ ಕೆಳಗಿರುವ, ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟರ್) ಓಡುತ್ತಿದ್ದರೂ ಫ್ಯಾನ್ ಸದ್ದು ಬರದಿದ್ದರೆ ಫ್ಯಾನನ್ನೇ ನೋಡಿಸಬೇಕು.

ಎರಡೂ ಭಾಗ ಬೆಚ್ಚಗಿದ್ದರೆ ಕಂಪ್ರೆಸರ್ ಹತ್ತಿರ ಕಿವಿಗೊಡಿ. ಗುಂಯ್ ಅಂದು ಟಕ್ ಅಂತ ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಸದ್ದು ಬಂದರೆ ವೋಲ್ಟೇಜ್ ಕಡಿಮೆ ಇರಬಹುದು, ಅಥವಾ ಕಂಪ್ರೆಸರನ್ನು ಶುರು ಮಾಡುವ ಸಣ್ಣ ಭಾಗ, ಅಂದರೆ ರಿಲೇ, ಕೆಟ್ಟಿರಬಹುದು. ಕಂಪ್ರೆಸರ್ರೇ ಹೋಗಿದೆ ಎಂದು ಯಾರಾದರೂ ಹೇಳಿದರೆ ರಿಲೇ ಪರೀಕ್ಷಿಸಿದ್ರಾ ಅಂತ ಮೊದಲು ಕೇಳಿ. ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದು, ಒಳಗಿನ ಕಾಯಿಲ್‌ನ ಒಂದು ಮೂಲೆಗೆ ಮಾತ್ರ ಹಿಮ ಹಿಡಿದಿದ್ದರೆ ಆಗ ಗ್ಯಾಸ್ ಸೋರಿಕೆಯ ಮಾತಾಡಬಹುದು. ಸೋರಿಕೆ ಮುಚ್ಚುತ್ತೇವೆ ಎಂದು ಕೊಳವೆಯೊಳಗೆ ಹಾಕುವ ದ್ರವಗಳು ಬರುತ್ತವೆ, ಅವನ್ನು ಹಾಕಿಸಬೇಡಿ, ಸಣ್ಣ ಕೊಳವೆ ಕಟ್ಟಿಕೊಳ್ಳಬಹುದು. ಫ್ರಿಜ್ ಮೇಲಿನ ಚೀಟಿಯಲ್ಲಿ ಆರ್600ಎ ಎಂದಿದ್ದರೆ ಅದು ಬೆಂಕಿ ಹತ್ತುವ ಗ್ಯಾಸ್. ಬೆಸುಗೆ ಹಾಕಲು ಬಂದವರಿಗೆ ಆ ಚೀಟಿ ತೋರಿಸಿ, ಕಿಟಕಿ ತೆರೆದಿಡಿ, ಆ ಗ್ಯಾಸಿನ ಕೆಲಸ ಗೊತ್ತಿಲ್ಲ ಎಂದರೆ ಬೇರೆಯವರನ್ನು ಕರೆಯಿರಿ.