ಮೆಟಿಯೋರ್ ಉಪಗ್ರಹದ ಸಿಗ್ನಲ್: ಡಿಬಿ ಸೋರುವುದು ಎಲ್ಲಿ?

ರಷ್ಯಾದ ಮೆಟಿಯೋರ್-ಎಂ ಹವಾಮಾನ ಉಪಗ್ರಹಗಳು 137.1 ಇಲ್ಲವೇ 137.9 ಮೆಗಾಹರ್ಟ್ಸ್‌ನಲ್ಲಿ ಎಲ್‌ಆರ್‌ಪಿಟಿ (ಕಡಿಮೆ ವೇಗದ ಡಿಜಿಟಲ್ ಪ್ರಸಾರ) ಚಿತ್ರಗಳನ್ನು ಕಳಿಸುತ್ತವೆ. ತಾರಸಿಯ ಮೇಲೊಂದು ವಿ-ಡೈಪೋಲ್ (ವಿ ಆಕಾರದ ಆಂಟೆನಾ), ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೋ ರಿಸೀವರ್), ಒಂದು ಲ್ಯಾಪ್‌ಟಾಪ್ ಇದ್ದರೆ ಚಿತ್ರ ಇಳಿಸಬಹುದು. ಸಿದ್ಧ ಸಾಫ್ಟ್‌ವೇರ್ ಸಿಗುತ್ತದೆ. ಆದರೂ ಡಿಕೋಡರನ್ನು ನಾನೇ ಬರೆದೆ, ಶಾನನ್ ಮಿತಿಗೂ (ಗದ್ದಲವಿರುವ ಚಾನೆಲ್‌ನಲ್ಲಿ ತಪ್ಪಿಲ್ಲದೆ ಕಳಿಸಬಹುದಾದ ಗರಿಷ್ಠ ಬಿಟ್) ಕೈಗೆ ಸಿಗುವ ಬಿಟ್‌ಗೂ ನಡುವಿನ ಅಂತರ ಎಲ್ಲೆಲ್ಲಿ ಹುಟ್ಟುತ್ತದೆ ಎಂದು ನೋಡಲು.

ಮೊದಲು ಲೆಕ್ಕ. ಸೆಕೆಂಡಿಗೆ 72,000 ಸಿಂಬಲ್ (ಒಮ್ಮೆಗೆ ಕಳಿಸುವ ಅಲೆಯ ತುಣುಕು), ಒಂದೊಂದರಲ್ಲೂ ಎರಡು ಬಿಟ್. ಅದರಲ್ಲಿ ಅರ್ಧ ತಪ್ಪು ತಿದ್ದುವ ಕನ್ವಲ್ಯೂಷನಲ್ ಕೋಡ್‌ಗೆ ಹೋಗುತ್ತದೆ (ಅದರ ನಿಯತಾಂಕ: ಕೆ=7, ಆಕ್ಟಲ್‌ನಲ್ಲಿ 171 ಮತ್ತು 133). ಮಿಕ್ಕಿದ್ದರಲ್ಲಿ ತಪ್ಪು ತಿದ್ದುವ ಎರಡನೇ ಕೋಡ್ ರೀಡ್-ಸಾಲಮನ್ (255 ಬೈಟ್‌ನಲ್ಲಿ 223 ಮಾಹಿತಿ) ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಸುಮಾರು 63 ಕಿಲೋಬಿಟ್. ಈ ಜೋಡಿ ಕೋಡ್ ಸರಿಯಾಗಿ ಕೆಲಸ ಮಾಡಲು ಪ್ರತಿ ಮಾಹಿತಿ ಬಿಟ್‌ಗೆ 2.5 ಡಿಬಿ (ಡೆಸಿಬೆಲ್) ಆಸುಪಾಸಿನ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್‌ನ ಬಲ) ಬೇಕು, ಸಿಂಬಲ್ ಲೆಕ್ಕದಲ್ಲಿ 2 ಡಿಬಿ ಎನ್ನಿ. ಅಷ್ಟೇ ಎಸ್‌ಎನ್‌ಆರ್‌ನಲ್ಲಿ ಶಾನನ್ ಸೂತ್ರ ಕೊಡುವ ಮಿತಿ ಸಿಂಬಲ್‌ಗೆ 1.37 ಬಿಟ್, ಅಂದರೆ ಸೆಕೆಂಡಿಗೆ 99 ಕಿಲೋಬಿಟ್. ಎಲ್‌ಡಿಪಿಸಿ ಎಂಬ ಇನ್ನೊಂದು ಬಗೆಯ ಕೋಡ್ ಹಾಕಿದ್ದರೆ ಮಿತಿಗೆ ಇನ್ನೂ ಹತ್ತಿರ ಹೋಗಬಹುದಿತ್ತು. ಆದರೆ ಉಪಗ್ರಹದ ಕೋಡ್ ನಮ್ಮ ಕೈಯಲ್ಲಿಲ್ಲ. ಬಂದ ಡಿಬಿಯನ್ನು ಚೆಲ್ಲದೆ ಉಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಆಂಟೆನಾ ಸರಳ: 53.4 ಸೆಂ.ಮೀ. ಉದ್ದದ ಎರಡು ಕಡ್ಡಿ, ನಡುವೆ 120 ಡಿಗ್ರಿ, ನೆಲಕ್ಕೆ ಸಮಾನಾಂತರವಾಗಿ, ಉತ್ತರ-ದಕ್ಷಿಣಕ್ಕೆ ಮುಖ ಮಾಡಿ. ಬೆಂಗಳೂರಿನಂಥ ಊರಲ್ಲಿ ಎಫ್‌ಎಂ ಕೇಂದ್ರಗಳ 88-108 ಮೆಗಾಹರ್ಟ್ಸ್ ಸಿಗ್ನಲ್ಲೇ ಡಾಂಗಲ್ಲನ್ನು ಮುಳುಗಿಸಿಬಿಡುತ್ತದೆ. ಅದಕ್ಕೆ ಎಫ್‌ಎಂ ತಡೆಯುವ ಫಿಲ್ಟರ್ ಬೇಕೇ ಬೇಕು. ಡಾಂಗಲ್‌ನ ಎಜಿಸಿ (ಗೇನನ್ನು ತಾನೇ ಹೊಂದಿಸುವ ವ್ಯವಸ್ಥೆ) ಆಫ್ ಮಾಡಿ, ಗೇನನ್ನು (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಕೈಯಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಎಸ್‌ಎನ್‌ಆರ್ ಏರುವುದು ನಿಂತಲ್ಲಿ ನಿಲ್ಲಿಸಿ. ಡಾಪ್ಲರ್ (ಉಪಗ್ರಹದ ಓಟದಿಂದ ಆವರ್ತನ ಸರಿಯುವುದು) ಹೆಚ್ಚೆಂದರೆ ಮೂರು ಕಿಲೋಹರ್ಟ್ಸ್ ಅತ್ತಿತ್ತ. ಅದನ್ನು ಆವರ್ತನವನ್ನು ಹಿಂಬಾಲಿಸುವ ಕಾಸ್ಟಾಸ್ ಲೂಪ್ ತಾನೇ ನೋಡಿಕೊಳ್ಳುತ್ತದೆ.

ಡಿಬಿ ನಿಜವಾಗಿ ಸೋರುವುದು ಡೀಮಾಡ್ಯುಲೇಟರ್‌ಗೂ (ಅಲೆಯನ್ನು ಅಂಕಿಯಾಗಿಸುವ ಭಾಗ) ವಿಟರ್ಬಿಗೂ (ಕನ್ವಲ್ಯೂಷನಲ್ ಕೋಡ್ ಬಿಡಿಸುವ ಭಾಗ) ನಡುವೆ, ಸಾಫ್ಟ್ ಸಿಂಬಲ್ (ಚಿಹ್ನೆಯ ಜೊತೆ ನಂಬಿಕೆಯ ತೂಕವೂ ಇರುವ ಅಂಕಿ) ಬರೆಯುವ ಆ ಒಂದು ಬೈಟ್‌ನಲ್ಲಿ. ಒಂದು ಬಿಟ್ +71 ಎಂದು ಬಂತು, ಪಕ್ಕದ್ದು +4 ಎಂದು ಬಂತು ಎನ್ನಿ. ಚಿಹ್ನೆ ಮಾತ್ರ ನೋಡಿದರೆ ಎರಡೂ ಒಂದೇ. ಆದರೆ ಮೊದಲನೆಯದು ಗಟ್ಟಿ ಸಾಕ್ಷಿ, ಎರಡನೆಯದು ಗೊಣಗಾಟ. ಈ ತೂಕವನ್ನು ಎಸೆದು 0 ಮತ್ತು 1 ಮಾತ್ರ ಉಳಿಸಿಕೊಂಡರೆ (ಇದೇ ಹಾರ್ಡ್) ಸುಮಾರು 2 ಡಿಬಿ ನಷ್ಟ, ಆಮೇಲೆ ಯಾವ ಡಿಕೋಡರ್ ಬಂದರೂ ಅದು ವಾಪಸ್ ಸಿಗದು. ಮೂರೇ ಬಿಟ್‌ನಲ್ಲಿ ಬರೆದರೂ ನಷ್ಟ ಕಾಲು ಡಿಬಿಯ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಎಂಟು ಬಿಟ್ ಧಾರಾಳ, ಅಳತೆ ಸರಿಯಿದ್ದರೆ. ಸಿಂಬಲ್‌ನ ಸರಾಸರಿ ಎತ್ತರವನ್ನು 50-60ರ ಹತ್ತಿರ ಇಡುತ್ತೇನೆ. 120ಕ್ಕೆ ಎಳೆದರೆ ಅರ್ಧದಷ್ಟು ಬೈಟ್‌ಗಳು ತಮ್ಮ ಮಿತಿಯಾದ 127ಕ್ಕೆ ಬಡಿದು ನಿಲ್ಲುತ್ತವೆ. ಹೆಸರಿಗೆ ಸಾಫ್ಟ್, ನಡೆಯುವುದು ಮುಕ್ಕಾಲು ಪಾಲು ಹಾರ್ಡ್. ಬೈಟ್‌ಗಳ ಹಿಸ್ಟೋಗ್ರಾಂ ಬಿಡಿಸಿ ನೋಡಿ: ಎರಡು ಗುಡ್ಡ ಕಾಣಬೇಕು, ಅಂಚಿನಲ್ಲಿ ಕಂಬ ಕಾಣಬಾರದು. ಸಾಫ್ಟ್‌ವೇರ್‌ನ ಎಜಿಸಿ ತೀರಾ ಚುರುಕಾಗಿದ್ದರೂ ಕೆಡುಕೇ. ಸಿಗ್ನಲ್ ಕುಗ್ಗಿದ ಗಳಿಗೆಯಲ್ಲಿ ಅದು ಗದ್ದಲವನ್ನೇ ಹಿಗ್ಗಿಸಿ ಗಟ್ಟಿ ಸಾಕ್ಷಿಯಂತೆ ಮುಂದಿಡುತ್ತದೆ.

ಮೆಟಿಯೋರ್ ಸಾಲಿನ ಎಂ2-3 ಮತ್ತು ಎಂ2-4 ಉಪಗ್ರಹಗಳು ಬಳಸುವುದು ಓಕ್ಯೂಪಿಎಸ್‌ಕೆ: ಸಿಂಬಲ್‌ನ ಎರಡು ಬಿಟ್‌ಗಳು ಎರಡು ಸಾಲಾಗಿ ಬರುತ್ತವೆ, ಅದರಲ್ಲಿ ಒಂದು ಸಾಲು ಅರ್ಧ ಸಿಂಬಲ್ ತಡವಾಗಿ ಬರುತ್ತದೆ. ಇದನ್ನು ಮಾಮೂಲಿ ಕ್ಯೂಪಿಎಸ್‌ಕೆ (ಎರಡು ಸಾಲೂ ಒಟ್ಟಿಗೆ ಬರುವುದು) ಎಂದುಕೊಂಡರೆ ಸಿಂಬಲ್‌ನ ನಾಲ್ಕು ಸ್ಥಿತಿ ತೋರಿಸುವ ಚುಕ್ಕೆಗಳು ಕೂಡುವುದೇ ಇಲ್ಲ. ಲೂಪ್ ಯಾವ ಕೋನದಲ್ಲಿ ಹಿಡಿಯಿತು ಎಂಬುದೂ ಗೊತ್ತಿರುವುದಿಲ್ಲ. ಪ್ರತಿ ಫ್ರೇಮ್‌ನ ಶುರುವನ್ನು ಗುರುತಿಸುವ ಸಿಂಕ್ ಪದ 1ಎಸಿಎಫ್‌ಎಫ್‌ಸಿ1ಡಿಯನ್ನು ಎನ್‌ಕೋಡ್ ಮಾಡಿ, ಸಿಗುವ 64 ಬಿಟ್‌ಗಳ ಎಂಟು ರೂಪಗಳನ್ನು (ನಾಲ್ಕು ತಿರುವು, ಸಾಲು ಅದಲುಬದಲಾದ ನಾಲ್ಕು) ಹೊಂದಿಸಿ ನೋಡಿ, ಹೆಚ್ಚು ಹೊಂದಿದ್ದನ್ನು ಆರಿಸಬೇಕು.

ಚಾನೆಲ್ ಎಷ್ಟು ಕೆಟ್ಟಿದೆ ಎಂದು ಅಳೆಯಲು ವಿಟರ್ಬಿಯ ಉತ್ತರವನ್ನು ಮತ್ತೆ ಎನ್‌ಕೋಡ್ ಮಾಡಿ, ಬಂದ ಬಿಟ್‌ಗಳ ಚಿಹ್ನೆಯೊಡನೆ ಹೋಲಿಸಿ. ಹತ್ತರಲ್ಲಿ ಒಂದು ತಪ್ಪಿದ್ದರೂ ಚಿತ್ರ ಬರುತ್ತದೆ. ಆದರೆ ಈ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಬರೀ ಗದ್ದಲ ಕೊಟ್ಟರೂ ವಿಟರ್ಬಿ ಅದಕ್ಕೆ ಹತ್ತಿರದ ಕೋಡ್‌ವರ್ಡ್ ಹುಡುಕಿಯೇ ಕೊಡುತ್ತದೆ. ಹಾಗಾಗಿ ತಪ್ಪು ಶೇ. 50ಕ್ಕೆ ಏರದೆ ಅದಕ್ಕಿಂತ ಬಹಳ ಕೆಳಗೇ ನಿಲ್ಲುತ್ತದೆ. ಪ್ರತಿ 8,192 ಬಿಟ್‌ಗೊಮ್ಮೆ ಸಿಂಕ್ ಪದ ಸಿಗುತ್ತಿದೆಯೇ ಎಂಬುದೇ ಖಾತ್ರಿ.

ವಿಟರ್ಬಿ ತಪ್ಪಿದರೆ ಒಂದೆರಡು ಬಿಟ್ ತಪ್ಪುವುದಿಲ್ಲ, ಗೊಂಚಲಾಗಿ ತಪ್ಪುತ್ತದೆ. ಆ ಗೊಂಚಲು ನಾಲ್ಕು ರೀಡ್-ಸಾಲಮನ್ ಕೋಡ್‌ವರ್ಡ್‌ಗಳಿಗೆ ಹಂಚಿಹೋಗುತ್ತದೆ, ಒಂದೊಂದೂ 16 ಬೈಟ್‌ವರೆಗೆ ತಿದ್ದುತ್ತದೆ. ಅದನ್ನೂ ಮೀರಿದರೆ ಪ್ಯಾಕೆಟ್ ಹೋಯಿತು, ಚಿತ್ರದಲ್ಲಿ ಕಪ್ಪು ಪಟ್ಟಿ. ಪಟ್ಟಿಗಳು ಚಿತ್ರದ ಎರಡೂ ತುದಿಯಲ್ಲಿದ್ದರೆ ಉಪಗ್ರಹ ದಿಗಂತದ ಹತ್ತಿರವಿತ್ತು ಎಂದರ್ಥ, ಡಿಕೋಡರ್ ಮುಟ್ಟಬೇಡಿ. ಉಪಗ್ರಹ ನೆತ್ತಿಯ ಮೇಲಿದ್ದಾಗಲೇ ಪಟ್ಟಿ ಬಿದ್ದರೆ ಗೇನ್ ಇಳಿಸಿ ನೋಡಿ, ಯುಎಸ್‌ಬಿಯಲ್ಲಿ ಸ್ಯಾಂಪಲ್ ಕಳೆದುಹೋಗುತ್ತಿದೆಯೇ ಪರೀಕ್ಷಿಸಿ, ಅಕ್ಕಪಕ್ಕದ ಎಲ್‌ಇಡಿ ಡ್ರೈವರ್ ಆರಿಸಿ ನೋಡಿ.