ಹೊಳೆದಂಡೆಯ ಹಳೇ ಮಿಲ್ ಜಾಗ: ಡೀಸೆಲ್ ಕುಡಿದ ನೆಲದ ಶುದ್ಧಿ ಹೇಗೆ?

ತುಂಗೆ, ಭದ್ರೆಯ ದಂಡೆಯಲ್ಲಿ ಮರದ ಮಿಲ್ಲೋ ಲಾರಿ ಗ್ಯಾರೇಜೋ ದಶಕಗಟ್ಟಲೆ ನಡೆದ ಜಾಗ, ಶೆಡ್ಡು ಕೆಡವಿದ ಮಾತ್ರಕ್ಕೆ ಶುದ್ಧವಾಗುವುದಿಲ್ಲ. ಹೂತ ಟ್ಯಾಂಕಿನಿಂದ ಸೋರಿದ ಡೀಸೆಲ್, ಮೂಲೆಗೆ ಚೆಲ್ಲಿದ ಸುಟ್ಟ ಆಯಿಲ್ ಮಣ್ಣಲ್ಲೇ ಉಳಿದು ಪ್ರತಿ ಮಳೆಗೂ ಬಾವಿಯತ್ತ, ಹೊಳೆಯತ್ತ ಇಳಿಯುತ್ತವೆ. ಇಂಥ ಜಾಗ ಕೈಗೆ ಬಂದವರು ಮೊದಲು ಜೆಸಿಬಿ ಕರೆಸುತ್ತಾರೆ. ಕೆಲಸ ಕೆಡುವುದು ಅಲ್ಲೇ. ನೆಲದಡಿಯ ನೀರು ಯಾವ ತಿಂಗಳಲ್ಲಿ ಎಷ್ಟು ಆಳದಲ್ಲಿದೆ, ಯಾವ ಕಡೆ ಸಾಗುತ್ತದೆ ಎಂದು ತಿಳಿಯುವ ತನಕ ಅಗೆಯಬಾರದು.

ಮಿಲ್ಲಿನಲ್ಲಿ ದುಡಿದ ಹಳಬರನ್ನು ಕೇಳಿ ನಕ್ಷೆ ಬರೆಯಿರಿ: ಟ್ಯಾಂಕ್ ಎಲ್ಲಿ ಹೂತಿತ್ತು, ಜನರೇಟರ್ ಎಲ್ಲಿತ್ತು, ಮರಕ್ಕೆ ಗೆದ್ದಲು ಔಷಧಿ ಹೊಡೆಯುತ್ತಿದ್ದದ್ದು ಎಲ್ಲಿ. ಸುತ್ತಲಿನ ಬಾವಿಯಲ್ಲಿ ಡೀಸೆಲ್ ವಾಸನೆ ಇದ್ದರೆ ಆ ನೀರಿನ ಬಳಕೆ ಅಂದೇ ನಿಲ್ಲಿಸಿ. ಕಾಯಿಸಿದರೆ ಸರಿಹೋಗುತ್ತದೆ ಎಂಬುದು ತಪ್ಪು, ಆವಿ ಅಡುಗೆಮನೆ ತುಂಬುತ್ತದೆ ಅಷ್ಟೆ. ಸ್ಥಳೀಯ ಸಂಸ್ಥೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಡಿ. ಕಲುಷಿತ ಸ್ಥಳಗಳಿಗೆಂದೇ 2025ರಲ್ಲಿ ಕೇಂದ್ರದ ನಿಯಮ ಬಂದಿದೆ.

ಮುಂದಿನದು ವೀಕ್ಷಣಾ ಬಾವಿ, ಅಂದರೆ ನೆಲದಡಿಯ ನೀರಿನ ಮಟ್ಟ ಅಳೆಯಲು, ಮಾದರಿ ತೆಗೆಯಲು ಕೊರೆಯುವ ಸಣ್ಣ ಕೊಳವೆ. ಕನಿಷ್ಠ ಮೂರು ಬೇಕು, ಒಂದೇ ಗೆರೆಯಲ್ಲಲ್ಲ, ತ್ರಿಕೋನದಲ್ಲಿ. ಒಂದು ಮೇಲ್ಭಾಗದ ಶುದ್ಧ ಜಾಗದಲ್ಲಿರಲಿ. ನಮ್ಮ ಮಣ್ಣಿನಲ್ಲಿ ಸಹಜವಾಗಿಯೇ ಕಬ್ಬಿಣ, ಕೆಲವೆಡೆ ಕ್ರೋಮಿಯಂ ಇರುವುದರಿಂದ ಹೋಲಿಸಲು ಅದು ಬೇಕೇಬೇಕು. 2ರಿಂದ 4 ಇಂಚಿನ ಪಿವಿಸಿ ಪೈಪು, ಕೆಳಭಾಗದಲ್ಲಿ ಸೀಳು, ಸುತ್ತ ತೊಳೆದ ಸಣ್ಣ ಜಲ್ಲಿ, ಅದರ ಮೇಲೆ ಎರಡಡಿ ಬೆಂಟೋನೈಟ್ (ನೀರು ಹೀರಿ ಉಬ್ಬಿ ಬಿಗಿಯುವ ಜೇಡಿ), ಕೊನೆಗೆ ಸಿಮೆಂಟು. ಸೀಳುಗಳು ಬೇಸಿಗೆಯ ನೀರಿನ ಮಟ್ಟಕ್ಕೂ ಮಳೆಗಾಲದ ಮಟ್ಟಕ್ಕೂ ಒದಗುವಂತಿರಬೇಕು. ಡೀಸೆಲ್ ತೇಲುತ್ತದೆ, ಸೀಳು ನೀರಿನೊಳಗೆ ಮುಳುಗಿದ್ದರೆ ಎಣ್ಣೆ ಪೈಪಿನೊಳಗೆ ಬರುವುದೇ ಇಲ್ಲ. ಜಂಬಿಟ್ಟಿಗೆಯ ಕೆಳಗೆ ಶೇಡಿ ಮಣ್ಣು (ಮೆದು ಜೇಡಿಯ ಪದರ) ಸಿಕ್ಕರೆ ಕೊರೆತ ಅಲ್ಲಿಗೇ ನಿಲ್ಲಿಸಿ. ಗ್ರೀಸು ತೊಳೆಯುವ ಕ್ಲೋರಿನ್ ದ್ರಾವಕಗಳು ನೀರಿಗಿಂತ ಭಾರ. ಆ ಪದರ ತೂತಾದರೆ ಆಳದ ಕಲ್ಲಿನ ಬಿರುಕಿಗೇ ದಾರಿಯಾಗುತ್ತದೆ.

ಮೂರೂ ಬಾವಿ ಮತ್ತು ಹೊಳೆಯ ಮಟ್ಟವನ್ನು ಒಂದೇ ದಿನ, ಒಂದೇ ಆಧಾರಬಿಂದುವಿನಿಂದ ಅಳೆಯಿರಿ. ಮಲೆನಾಡಿನಲ್ಲಿ ಈ ಅಳತೆಯೇ ಇಡೀ ಕೆಲಸದ ಜೀವ. ಬೇಸಿಗೆಯಲ್ಲಿ ನೀರು ಇಳಿದಂತೆ ಎಣ್ಣೆಯೂ ಇಳಿದು ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಮುಂಗಾರಿನಲ್ಲಿ ನೀರು ಏರಿದಾಗ ಆ ಎಣ್ಣೆ ಹನಿಹನಿಯಾಗಿ ನೀರಿನಡಿಯೇ ಸಿಕ್ಕಿಬೀಳುತ್ತದೆ. ಹೊಳೆ ತುಂಬಿದಾಗ ಅದರ ನೀರೇ ದಂಡೆಯೊಳಕ್ಕೆ ನುಗ್ಗಿ ಹರಿವಿನ ದಿಕ್ಕು ತಿರುಗುವುದೂ ಉಂಟು. ಆಗಸ್ಟ್‌ನಲ್ಲಿ ಶುದ್ಧವಾಗಿ ಕಂಡ ಬಾವಿಯಲ್ಲಿ ಮೇ ತಿಂಗಳಲ್ಲಿ ಮತ್ತೆ ಎಣ್ಣೆ ತೇಲುವುದು ಇದಕ್ಕೇ. ಮೇ ಕೊನೆಗೆ ಒಮ್ಮೆ, ಹೊಳೆ ಇಳಿಯುವ ನವೆಂಬರ್‌ನಲ್ಲಿ ಒಮ್ಮೆ, ಹೀಗೆ ಎರಡು ಸಲದ ಮಾದರಿ ಇಲ್ಲದ ವರದಿಯನ್ನು ನಂಬಬೇಡಿ. ಮಾದರಿಗೆ ಮುನ್ನ ಪೈಪಿನಲ್ಲಿ ನಿಂತ ನೀರಿನ ಮೂರು ಪಟ್ಟು ಹೊರಹಾಕಿ, ಗಾಜಿನ ಬಾಟಲಿಗೆ ಗಾಳಿ ಉಳಿಯದಂತೆ ತುಂಬಿ, ಐಸ್‌ನಲ್ಲಿಟ್ಟು ಕಳಿಸಿ.

ತೇಲುವ ಎಣ್ಣೆಯನ್ನು ಮೊದಲು ತೆಗೆಯಬೇಕು. ಎಣ್ಣೆ ಮಾತ್ರ ಹೀರುವ ಪ್ಯಾಡ್ ಅಥವಾ ಮೇಲಿನ ಎಣ್ಣೆ ಕೆನೆಯಂತೆ ತೆಗೆಯುವ ಸ್ಕಿಮ್ಮರ್ ಸಾಕು. ದೊಡ್ಡ ಮೋಟಾರ್ ಇಟ್ಟು ಬಾವಿ ಬತ್ತಿಸಿದರೆ ಎಣ್ಣೆ ಇನ್ನೂ ಆಳದ ಮಣ್ಣಿಗೆ ಮೆತ್ತುತ್ತದೆ. ಹಳೆಯ ಟ್ಯಾಂಕ್ ತೆಗೆಯುವಾಗ ಆವಿ ಹೊರಹಾಕಿ, ಹೊತ್ತಿಕೊಳ್ಳುವ ಆವಿ ಅಳೆಯುವ ಮೀಟರ್‌ನಲ್ಲಿ ಪರೀಕ್ಷಿಸದೆ ಗ್ಯಾಸ್ ಕಟರ್ ಹಚ್ಚಲೇಬಾರದು. ಪ್ರಾಣ ಹೋಗುತ್ತದೆ.

ಅಗೆತಕ್ಕೆ ಮಾರ್ಚ್, ಏಪ್ರಿಲ್ ಸೂಕ್ತ. ನೀರು ತಳ ಹಿಡಿದಿರುವುದರಿಂದ ಎಣ್ಣೆ ಮೆತ್ತಿದ ಪದರ ಬಯಲಾಗುತ್ತದೆ. ಹೊಳೆಯ ದಡದ ಬುಡ ಕೆದಕಬೇಡಿ, ಮಳೆಗೆ ಕುಸಿಯುತ್ತದೆ. ತೆಗೆದ ಮಣ್ಣನ್ನು ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಶೀಟಿನ ಮೇಲೆ ಮೂರು, ನಾಲ್ಕಡಿ ಎತ್ತರದ ಸಾಲಾಗಿ ಹಾಕಿ. ಮೇಲೆ ಟಾರ್ಪಾಲು, ಸುತ್ತ ಬದು, ಬಸಿದ ನೀರಿಗೆ ಗುಂಡಿ. ಇನ್ನು ಕೆಲಸ ಮಣ್ಣಿನ ಸೂಕ್ಷ್ಮಜೀವಿಗಳದು. ಅವುಗಳಿಗೆ ಗಾಳಿ, ತೇವ, ಸಾರಜನಕ, ರಂಜಕ ಬೇಕು. ನೂರು ಭಾಗ ಇಂಗಾಲಕ್ಕೆ ಹತ್ತು ಸಾರಜನಕ, ಒಂದು ರಂಜಕ ಎಂಬುದು ರೂಢಿಯ ಲೆಕ್ಕ. 10 ಘನ ಮೀಟರ್ ಮಣ್ಣು ಸುಮಾರು 16 ಟನ್. ಕಿಲೊ ಮಣ್ಣಿಗೆ 5,000 ಮಿಲಿಗ್ರಾಂ ಡೀಸೆಲ್ ಇದ್ದರೆ ಒಟ್ಟು 80 ಕಿಲೊ ಎಣ್ಣೆ, ಅದರಲ್ಲಿ ಇಂಗಾಲ ಸುಮಾರು 68 ಕಿಲೊ. ಅದಕ್ಕೆ ಸುಮಾರು 3.5 ಕಿಲೊ ಡಿಎಪಿ, 13.5 ಕಿಲೊ ಯೂರಿಯಾ. ಇಷ್ಟನ್ನೂ ಒಮ್ಮೆಗೇ ಸುರಿದರೆ ಉಪ್ಪಿನಂಶಕ್ಕೆ ಜೀವಿಗಳೇ ಸಾಯುತ್ತವೆ. ಮೂರು ವಾರಕ್ಕೊಮ್ಮೆ, ನಾಲ್ಕು ಕಂತಿನಲ್ಲಿ ಕೊಡಿ. ನಮ್ಮ ಕೆಂಪುಮಣ್ಣು ಹುಳಿ; ಪರೀಕ್ಷೆ ಮಾಡಿಸಿ ಪಿಎಚ್ 6.5 ದಾಟುವಷ್ಟು ಕೃಷಿ ಸುಣ್ಣ ಬೆರೆಸಿ. ಮಣ್ಣು ಸಡಿಲಾಗಲು ಒಣ ಅಡಿಕೆ ಸಿಪ್ಪೆಯ ಚೂರು ಅಥವಾ ಭತ್ತದ ಹೊಟ್ಟು ಆದೀತು. ವಾರಕ್ಕೊಮ್ಮೆ ಮಗುಚಿ. ಹಿಡಿ ಹಿಸುಕಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕೊಳೆತ ವಾಸನೆ ಬಂದರೆ ಗಾಳಿ ಸಾಲದು, ಅಮೋನಿಯಾ ಘಾಟು ಬಂದರೆ ಯೂರಿಯಾ ಹೆಚ್ಚಾಯಿತು. ಡೀಸೆಲ್ ಕೆಲವು ತಿಂಗಳಲ್ಲಿ ಬಹುಪಾಲು ಕರಗುತ್ತದೆ, ಸುಟ್ಟ ಆಯಿಲ್ ಅಷ್ಟು ಸುಲಭಕ್ಕೆ ಬಗ್ಗದು. ಪರೀಕ್ಷೆಗೆ ಕೊಡುವಾಗ ಸಿಲಿಕಾ ಜೆಲ್ ಶೋಧನೆ ಕೇಳಿ ಮಾಡಿಸಿ, ಇಲ್ಲವಾದರೆ ಸಿಪ್ಪೆಯ ಅಂಶವೂ ಎಣ್ಣೆಯ ಲೆಕ್ಕಕ್ಕೆ ಸೇರುತ್ತದೆ.

ಗೆದ್ದಲು ಔಷಧಿಯ ಜಾಗದ ಮಣ್ಣನ್ನು ಇದರೊಡನೆ ಬೆರೆಸಲೇಬೇಡಿ. ಅದರಲ್ಲಿ ಆರ್ಸೆನಿಕ್, ಕ್ರೋಮಿಯಂ ಇರಬಹುದು, ಯಾವ ಜೀವಿಯೂ ಅವನ್ನು ಇಲ್ಲವಾಗಿಸದು. ಜಂಬಿಟ್ಟಿಗೆಯ ಕಬ್ಬಿಣ ಆರ್ಸೆನಿಕ್ಕನ್ನು ಹಿಡಿದಿಟ್ಟಿರುತ್ತದೆ. ಅಲ್ಲಿಗೆ ಸಗಣಿ ಗೊಬ್ಬರ ಸುರಿದು ನೀರು ನಿಲ್ಲಿಸಿದರೆ ಆಮ್ಲಜನಕ ಕಡಿಮೆಯಾಗಿ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಅಂಥ ಮಣ್ಣು ಮಂಡಳಿಯ ಒಪ್ಪಿಗೆಯೊಂದಿಗೆ ಅಧಿಕೃತ ಅಪಾಯಕಾರಿ ತ್ಯಾಜ್ಯ ಘಟಕಕ್ಕೇ ಹೋಗಬೇಕು.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಖನಿಜ ತೈಲದ ಮಿತಿ ಲೀಟರಿಗೆ 0.5 ಮಿಲಿಗ್ರಾಂ, ಆರ್ಸೆನಿಕ್‌ಗೆ 0.01. ಮೇ, ನವೆಂಬರ್ ಎರಡರಲ್ಲೂ, ಕನಿಷ್ಠ ಎರಡು ವರ್ಷ ಸತತವಾಗಿ ಇದರೊಳಗೆ ಬಂದರೆ ವೀಕ್ಷಣಾ ಬಾವಿ ಮುಚ್ಚಬಹುದು. ಮುಚ್ಚುವಾಗ ಮಣ್ಣು ತುಂಬಿ ಬಿಡಬೇಡಿ; ತಳದಿಂದ ಮೇಲಿನವರೆಗೆ ಬೆಂಟೋನೈಟ್ ಬೆರೆಸಿದ ಸಿಮೆಂಟ್ ತುಂಬಿಸಿ.